ಶಿಕಾಗೊದಿಂದ ಬಂದ ಧಾರವಾಡದ ಪುಸ್ತಕ

ಹೋದ ತಿಂಗಳು ಇಲ್ಲಿನ ಲೈಬ್ರರಿಯಿಂದ ಮೆಸೇಜು ಬಂತು. ನಾನು ಕೇಳಿದ್ದ ಪುಸ್ತಕ ಬಂದಿದೆಯಂತೆ. ನಾನಿರುವುದು ಓಹಾಯೋದ ಒಂದು ಸಣ್ಣ ಊರು, ಕನ್ನಡದ ಮನೆಗಳು ಮೂರೋ ನಾಲ್ಕೋ. ಪುಸ್ತಕ 1966ರಲ್ಲಿ ಧಾರವಾಡದಲ್ಲಿ ಅಚ್ಚಾದದ್ದು. ಅಪ್ಪ ಊಟಕ್ಕೆ ಕೂತಾಗಲೆಲ್ಲ ಅದರ ಮಾತು ತೆಗೆಯುತ್ತಿದ್ದರು.

ಅದು ಬಂದದ್ದು ಶಿಕಾಗೊ ವಿಶ್ವವಿದ್ಯಾಲಯದಿಂದ. ಒಂಬತ್ತೇ ದಿನ. ಒಂದು ಪೈಸೆ ಖರ್ಚಿಲ್ಲ. ರಟ್ಟಿಗೆ ಸುತ್ತಿದ ಕಾಗದದ ಪಟ್ಟಿಯ ಮೇಲೆ ವಾಪಸ್ ಕೊಡುವ ತಾರೀಖು. ಒಳಗೆ ಪಿಎಲ್ 480 ಅನ್ನುವ ಮುದ್ರೆ, ಅಂದರೆ ಅಮೆರಿಕದ ಪಬ್ಲಿಕ್ ಲಾ 480 ಅನ್ನುವ ಕಾನೂನು. ಅದನ್ನು ನೋಡಿ ಅಲ್ಲೇ ನಿಂತುಬಿಟ್ಟೆ. ಆಗ ನಾವು ಆ ಕಾನೂನಿನಡಿ ಅಮೆರಿಕದ ಗೋಧಿ ತರಿಸಿಕೊಳ್ಳುತ್ತಿದ್ದ ಕಾಲ. ಆ ಗೋಧಿಗೆ ಭಾರತ ಕೊಟ್ಟ ರೂಪಾಯಿಗಳಲ್ಲಿ ಒಂದು ಪಾಲು ಹಾಕಿ ಅಮೆರಿಕದ ಸಂಸತ್ತಿನ ಲೈಬ್ರರಿಯಾದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ನಮ್ಮ ಭಾಷೆಗಳ ಪುಸ್ತಕ ಕೊಂಡು ಇಲ್ಲಿನ ವಿಶ್ವವಿದ್ಯಾಲಯಗಳಿಗೆ ಹಂಚಿತು.

ಮೂರು ವರ್ಷದ ಹಿಂದೆ ರಜೆಗೆ ಬಂದಾಗ ಇದೇ ಪುಸ್ತಕ ಊರಿನ ಲೈಬ್ರರಿಯೊಂದರ ಬೀರುವಿನಲ್ಲಿ ಕಂಡಿತ್ತು. ‘ಹೊರಗೆ ಕೊಡಲ್ಲ’ ಅಂದರು. ಇಲ್ಲೇ ಕೂತು ಓದ್ತೀನಿ ಅಂದೆ. ‘ಬೀಗದ ಕೈ ಇರೋರು ರಜೆ.’ ಬೇರೆ ಊರಿನ ಲೈಬ್ರರಿಯಿಂದ ತರಿಸಬಹುದಾ ಅಂತ ಕೇಳಿದೆ. ಸುಮ್ನೆ ನನ್ನ ಮುಖ ನೋಡಿದರು.

ಇಲ್ಲಿ ಹೀಗೆ ಒಂದು ಲೈಬ್ರರಿ ಇನ್ನೊಂದರಿಂದ ಪುಸ್ತಕ ತರಿಸಿಕೊಳ್ಳುವುದಕ್ಕೆಂದೇ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ 1917ರಷ್ಟು ಹಿಂದೆಯೇ ನಿಯಮ ಬರೆದಿತ್ತು. ಆಗಾಗ ತಿದ್ದುತ್ತಲೂ ಬಂದಿದ್ದಾರೆ. ಇದು ಕಾನೂನಲ್ಲ, ಲೈಬ್ರರಿಗಳು ತಾವಾಗಿ ಒಪ್ಪಿಕೊಂಡ ಕಟ್ಟು. ಕೊಡುವುದು ಬಿಡುವುದು ಪುಸ್ತಕ ಇರುವವರ ಇಷ್ಟ. ‘ಲೈಬ್ರರಿಯಲ್ಲೇ ಕೂತು ಓದಬೇಕು’ ಅಂತ ಅವರು ಹೇಳಿದರೆ ಹಾಗೆಯೇ ನಡೆಯಬೇಕು. ಆದರೆ ಅವರ ಬಾಗಿಲು ದಾಟಿದ ಗಳಿಗೆಯಿಂದ ಮತ್ತೆ ಅಲ್ಲಿಗೆ ಮುಟ್ಟುವ ತನಕ ಹೊಣೆಯೆಲ್ಲ ತರಿಸಿಕೊಂಡ ಲೈಬ್ರರಿಯದು. ದಾರಿಯಲ್ಲಿ ಕಳೆದುಹೋದರೂ ಅಷ್ಟೇ. ನಾನು ಕಳೆದರೆ ನಮ್ಮ ಲೈಬ್ರರಿಗೆ ದುಡ್ಡು ಕಟ್ಟುತ್ತೇನೆ, ಶಿಕಾಗೊಕ್ಕೆ ಉತ್ತರ ಹೇಳುವುದು ನಮ್ಮ ಲೈಬ್ರರಿ. ಆ ಪುಸ್ತಕ ಕಟ್ಟಿ ಕಳಿಸಿದ ಗುಮಾಸ್ತ ರಾತ್ರಿ ನೆಮ್ಮದಿಯಾಗಿ ಮಲಗಬಹುದು. ಇಡೀ ಏರ್ಪಾಡು ನಿಂತಿರುವುದೇ ಈ ಒಂದು ಮಾತಿನ ಮೇಲೆ ಅನಿಸುತ್ತದೆ.

ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಅಂತ 1931ರಲ್ಲೇ ಹೇಳಿದ ಗ್ರಂಥಾಲಯ ಶಾಸ್ತ್ರದ ಪಂಡಿತ ರಂಗನಾಥನ್ ಕೊನೆಗಾಲದಲ್ಲಿ ಇದ್ದದ್ದು ನಮ್ಮ ಬೆಂಗಳೂರಿನಲ್ಲೇ ಅಲ್ವಾ? ನಮ್ಮ ಕರ್ನಾಟಕದ ಗ್ರಂಥಾಲಯ ಕಾಯ್ದೆ 1965ರದು. ಅಮ್ಮ ಇವತ್ತಿಗೂ ಮನೆ ಕಂದಾಯದ ಜೊತೆ ನೂರಕ್ಕೆ ಆರರಂತೆ ಲೈಬ್ರರಿ ಕರ ಕಟ್ಟುತ್ತಾರೆ. ಕಟ್ಟಿದವರ ಮಗನಿಗೆ ಬೀರುವಿನ ಗಾಜು ಮಾತ್ರ ಸಿಕ್ಕಿತು. ಬೇಜಾರಾಗುತ್ತದೆ.

ನಮ್ಮಲ್ಲಿ ಏನೂ ಇಲ್ಲ ಅನ್ನಲಾರೆ. ದೆಹಲಿಯಲ್ಲಿ 1988ರಲ್ಲಿ ಶುರುವಾದ ಡೆಲ್‌ನೆಟ್ ಸದಸ್ಯ ಲೈಬ್ರರಿಗಳ ನಡುವೆ ಪುಸ್ತಕ ಓಡಾಡಿಸುತ್ತದೆ. ನನ್ನಂಥ ಬೀದಿಯ ಓದುಗನಿಗೆ ಅದು ಎಟುಕಿಲ್ಲ.

ಆ ಬೀಗದವರನ್ನು ಬೈಯಲೂ ಈಗ ಮನಸ್ಸು ಬರುತ್ತಿಲ್ಲ. ನನ್ನ ಸೋದರಮಾವ ಒಂದು ಕಾಲೇಜಿನ ಲೈಬ್ರರಿ ನೋಡಿಕೊಳ್ಳುತ್ತಿದ್ದರು. ರಿಟೈರ್ ಆಗುವ ವರ್ಷ, ಲೆಕ್ಕಕ್ಕೆ ಸಿಗದ ಪುಸ್ತಕಗಳ ದುಡ್ಡನ್ನು ಕೈಯಿಂದ ಕಟ್ಟಿದರು. ಕೇಂದ್ರ ಸರ್ಕಾರದ 2017ರ ಹಣಕಾಸು ನಿಯಮವೇ ಓದಲು ಕೊಟ್ಟ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಸಹಜ ಅನ್ನುತ್ತದೆ. ಅಂಥ ಧೈರ್ಯವನ್ನು ಮಾವನಿಗೆ ಯಾರೂ ಹೇಳಿರಲಿಲ್ಲ. ಅವರೂ ಬೀಗ ಹಾಕುತ್ತಿದ್ದರು.

ಈಗ ದಿನಾ ವಾಟ್ಸಾಪಿನಲ್ಲಿ ಅಪ್ಪನಿಗೆ ಒಂದೊಂದು ಅಧ್ಯಾಯ ಓದುತ್ತೇನೆ. ಅವರಿಗೆ ಕಣ್ಣು ಮಂಜು. ಇನ್ನು ಹದಿನಾಲ್ಕು ಅಧ್ಯಾಯ ಇದೆ. ವಾಪಸ್ ಕೊಡಲು ಹನ್ನೊಂದು ದಿನ.