ಎರಡು ಪದಕ್ಕೆ ಒಂದು ಕಾಯಿಲೆ ಅಂಟಿತು

ಈಗಷ್ಟೇ ಒಂದು ಡಿಸ್ಚಾರ್ಜ್ ಸಮರಿ ನೋಡಿದೆ. ಡಯಾಗ್ನೋಸಿಸ್ ಜಾಗದಲ್ಲಿ ಎರಡೇ ಪದ: 'ಸೀಜರ್ ಡಿಸಾರ್ಡರ್'. ಸೀಜರ್ ಅಂದರೆ ಫಿಟ್ಸ್. ಪುಟ ತಿರುವಿದರೆ ರಕ್ತದ ಸೋಡಿಯಂ 112, ತೀರಾ ಕಡಿಮೆ. ಮೊದಲ ಸಲ ಬಂದ ಫಿಟ್ಸ್, ಸೋಡಿಯಂ ಸರಿಹೋದ ಮೇಲೆ ಮತ್ತೆ ಬಂದೇ ಇಲ್ಲ. ಹೊಟ್ಟೆ ಉರಿಯಿತು.

ಕಾಯಿಲೆಗಳಿಗೆ ಕೋಡ್ ಕೊಡುವ ಐಸಿಡಿ-10-ಸಿಎಂ ಪಟ್ಟಿಯ ಸೂಚಿಯಲ್ಲಿ 'ಸೀಜರ್ ಡಿಸಾರ್ಡರ್' ಅಂದರೆ ನೇರ ಜಿ40.909, ಅಂದರೆ ಎಪಿಲೆಪ್ಸಿ (ಅಪಸ್ಮಾರ). ಬರೀ 'ಸೀಜರ್' ಅಂದಿದ್ದರೆ ಆರ್56.9, ಅದು ಲಕ್ಷಣ ಮಾತ್ರ. 'ಸೋಡಿಯಂ ಇಳಿದು ಬಂದ ಫಿಟ್ಸ್' ಅಂತ ಬರೆದಿದ್ದರೆ ಸೋಡಿಯಂ ಕೊರತೆಯ ಕೋಡ್ ಇ87.1 ಕೂಡ ಸೇರುತ್ತಿತ್ತು, ಕಾರಣ ದಾಖಲೆಯಲ್ಲಿ ಉಳಿಯುತ್ತಿತ್ತು. ಎಪಿಲೆಪ್ಸಿ ಅನ್ನಬೇಕಾದರೆ ಸಾಮಾನ್ಯವಾಗಿ 24 ಗಂಟೆಗಿಂತ ಹೆಚ್ಚು ಅಂತರದಲ್ಲಿ ಕಾರಣವಿಲ್ಲದ ಎರಡು ಸೀಜರ್ ಬೇಕು. ಒಂದೇ ಬಂದಿದ್ದರೆ, ಮುಂದಿನ 10 ವರ್ಷದಲ್ಲಿ ಮರುಕಳಿಸುವ ಸಾಧ್ಯತೆ ಕನಿಷ್ಠ 60% ಇರಬೇಕು, ಇಲ್ಲವೇ ಗೊತ್ತಿರುವ ಎಪಿಲೆಪ್ಸಿ ಸಿಂಡ್ರೋಮ್ ಇರಬೇಕು. ಆ ರೋಗಿಗೆ ಇದ್ಯಾವುದೂ ಇರಲಿಲ್ಲ. ಆದರೂ ವಿಮೆ, ಡ್ರೈವಿಂಗ್ ಲೈಸೆನ್ಸ್, ಕೆಲಸ, ಎಲ್ಲ ಕಡೆಯೂ ಆ ಕೋಡ್ ಬೆನ್ನು ಹತ್ತುತ್ತದೆ.

'ಮಾತ್ರೆ ಪಟ್ಟಿ ನೋಡಿದರೆ ಕಾಯಿಲೆ ಯಾವುದೆಂದು ಗೊತ್ತಾಗುವುದಿಲ್ಲವೇ' ಅನ್ನುವವರಿದ್ದಾರೆ. ಗೊತ್ತಾಗುವುದಿಲ್ಲ. ವ್ಯಾಲ್‌ಪ್ರೊಯೇಟ್ ಅನ್ನು ಬೈಪೋಲಾರ್‌ಗೂ ಮೈಗ್ರೇನ್‌ಗೂ ಕೊಡುತ್ತಾರೆ, ಗ್ಯಾಬಪೆಂಟಿನ್ ನರದ ನೋವಿಗೂ ಬರುತ್ತದೆ. ಡಾಕ್ಟರ್ ಬರೆಯದ ಕಾಯಿಲೆಯನ್ನು ಕೋಡರ್ (ಚಾರ್ಟ್ ಓದಿ ಕೋಡ್ ಹಾಕುವವರು) ಊಹಿಸುವಂತಿಲ್ಲ. ಅನುಮಾನವಿದ್ದರೆ ಡಾಕ್ಟರಿಗೆ ಕ್ವೆರಿ, ಅಂದರೆ ಪ್ರಶ್ನೆ, ಕಳಿಸಬೇಕು, ಅಷ್ಟೆ.

ಜಿ40.909ರ ಕೊನೆಯ ಎರಡು ಅಂಕಿ ನೋಡಿ. 0 ಅಂದರೆ ಕಾಯಿಲೆ ಔಷಧಿಗೆ ಬಗ್ಗದ್ದೇನಲ್ಲ, ಬಗ್ಗದ್ದಾದರೆ ಅಲ್ಲಿ 1. ಕೊನೆಯ 9 ಅಂದರೆ ಸ್ಟೇಟಸ್ ಎಪಿಲೆಪ್ಟಿಕಸ್ (ನಿಲ್ಲದೆ ಮುಂದುವರಿಯುವ ಫಿಟ್ಸ್) ಇಲ್ಲ, ಇದ್ದರೆ 1. ಚಾರ್ಟಿನಲ್ಲಿ ಏನೂ ಬರೆಯದಿದ್ದರೆ ಕೋಡ್ ತಾನಾಗಿ 09ಕ್ಕೆ ಬಂದು ಬೀಳುತ್ತದೆ. ಐದು ನಿಮಿಷ ದಾಟಿಯೂ ಮೈಯೆಲ್ಲ ಅದುರುತ್ತಲೇ ಇದ್ದು, ಐಸಿಯುಗೆ ಹೋದ ರೋಗಿಯೂ ಕಾಗದದ ಮೇಲೆ ಸಾಧಾರಣ ಕೇಸ್ ಆಗಿಬಿಡುತ್ತಾನೆ!

'ಓಪಿಡಿ ರಶ್ಶಿನಲ್ಲಿ ಇಷ್ಟೆಲ್ಲ ಬರೆಯಲು ಸಮಯವೆಲ್ಲಿ' ಅಂತಾರೆ. ರಶ್ ಇರುವುದು ನಿಜ. ಆದರೆ, ಉದಾಹರಣೆಗೆ ಫೋಕಲ್ (ಮಿದುಳಿನ ಒಂದು ಭಾಗದಿಂದ ಶುರುವಾಗುವ) ಎಪಿಲೆಪ್ಸಿ ಇದ್ದರೆ ಬೇಕಾದದ್ದು ಇಷ್ಟೇ: 'ಫೋಕಲ್ ಎಪಿಲೆಪ್ಸಿ, ಔಷಧಕ್ಕೆ ಬಗ್ಗದ್ದು. ಬಲಗೈ ಬೆರಳಿನಿಂದ ಜಗ್ಗು ಶುರು, ಪ್ರಜ್ಞೆ ಇತ್ತು, ಸುಮಾರು 2 ನಿಮಿಷ. ಎರಡು ಔಷಧಿ ಸರಿಯಾದ ಡೋಸಿನಲ್ಲಿ ಕೊಟ್ಟರೂ ನಿಂತಿಲ್ಲ. ಸ್ಟೇಟಸ್ ಇಲ್ಲ.' ಇಷ್ಟು ಸಿಕ್ಕರೆ ಕೋಡರ್ ಯಾರನ್ನೂ ಕೇಳದೆ ಜಿ40.119 ಹಾಕುತ್ತಾರೆ. ಮುಂದಿನ ಡಾಕ್ಟರ್ ಕೂಡ ಮೊದಲಿನಿಂದ ವಿಚಾರಿಸುತ್ತ ಕೂರಬೇಕಿಲ್ಲ.