ಒಲೆ ಹಚ್ಚದ ಊಟವೂ ಊಟವೇ

ಬೇಸಿಗೆಯಲ್ಲಿ ಇಲ್ಲಿ ಸಂಜೆ ಆರಾದರೆ ಮಂಡ್ಯದಲ್ಲಿ ರಾತ್ರಿ ಒಂಬತ್ತೂವರೆ. ಅಮ್ಮನ ಫೋನು ಬರುವುದು ಆ ಹೊತ್ತಿಗೇ. "ಊಟಕ್ಕೆ ಏನ್ ಮಾಡಿದ್ರಿ?" ಅನ್ನುವುದು ಮೊದಲ ಪ್ರಶ್ನೆ. ಒಂದು ದಿನ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ: "ಬ್ರೆಡ್ಡು, ಚೀಸು, ಹಸಿ ನವಿಲುಕೋಸು, ಮೂಲಂಗಿ." ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, "ಯಾಕ್ ಮಗ, ಹುಷಾರಿಲ್ವಾ?"

ಅಮ್ಮ ಹಾಗೆ ಕೇಳಿದ್ದರಲ್ಲಿ ತಪ್ಪಿಲ್ಲ. ನಮ್ಮ ಕಡೆ ಬ್ರೆಡ್ಡು ಜ್ವರ ಬಂದವರ ಪಥ್ಯ. ಊಟ ಅಂದರೆ ಒಲೆಯ ಮೇಲಿಂದ ಇಳಿದದ್ದು, ಹಬೆಯಾಡುವಂಥದ್ದು. ಮುದ್ದೆ, ಸಾರು, ಅನ್ನ, ಪಲ್ಯ, ಕೊನೆಗೆ ಮಜ್ಜಿಗೆ. ಇದರಲ್ಲಿ ಒಂದು ಕಮ್ಮಿಯಾದರೂ ಮನೆಯವರಿಗೆ ಕಮ್ಮಿ ಮಾಡಿದ ಹಾಗೆ ಅನ್ನುವ ಭಾವನೆ. ನಾನೂ ಅದೇ ಭಾವನೆ ಹೊತ್ತುಕೊಂಡೇ ಒಂಬತ್ತು ವರ್ಷದ ಹಿಂದೆ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರದ ಈ ಸಣ್ಣ ಊರಿಗೆ ಬಂದೆ. ಇಲ್ಲಿನವರ ರಾತ್ರಿ ಊಟಕ್ಕೆ 'ಆಬೆಂಟ್‌ಬ್ರೋಟ್' ಎಂದು ಹೆಸರು. ಸಂಜೆಯ ಬ್ರೆಡ್ಡು ಎಂದೇ ಅದರ ಅರ್ಥ. ಮರದ ಹಲಗೆ, ಒಂದು ಚಾಕು, ಅಂದಿನ ಬ್ರೆಡ್ಡು, ಬೆಣ್ಣೆ, ಹೆಚ್ಚಿದ ತರಕಾರಿ. ಒಲೆ ಹಚ್ಚುವುದಿಲ್ಲ. ಮೊದಮೊದಲು ಪಾಪ ಅನ್ನಿಸುತ್ತಿತ್ತು, ಇಷ್ಟು ದುಡಿದು ಬಂದವರಿಗೆ ಒಂದು ಬಿಸಿ ತುತ್ತೂ ಇಲ್ಲವಲ್ಲ ಅಂತ.

ಆದರೆ ಆ ಬ್ರೆಡ್ಡು ನಾವು ಬೇಕರಿಯಿಂದ ತರುತ್ತಿದ್ದ ಬಿಳಿ, ಮೆತ್ತನೆಯ ಬ್ರೆಡ್ಡಲ್ಲ. ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುತ್ತದೆ, ಮೂಗಿಗೆ ಹುಳಿ ವಾಸನೆ ಬರುತ್ತದೆ. ಪಕ್ಕದ ಮನೆಯ ಅಜ್ಜಿ ಇದನ್ನು ಮನೆಯಲ್ಲೇ ಸುಡುತ್ತಾರೆ. ಸಾಮಾನು ಮೂರೇ: ರೈ ಎಂಬ, ಗೋಧಿಯಂಥದೇ ಒಂದು ಧಾನ್ಯದ ಹಿಟ್ಟು, ನೀರು, ಉಪ್ಪು. ಜತೆಗೆ ಹಿಂದಿನ ಸಲದ ಹುಳಿಹಿಟ್ಟು ಒಂದು ಸೌಟು. ನಾವು ಮೊಸರಿಗೆ ಹೆಪ್ಪು ಎತ್ತಿಡುವ ಹಾಗೆ ಅವರು ಆ ಹಿಟ್ಟನ್ನು ಗಾಜಿನ ಬಾಟಲಿಯಲ್ಲಿ ಎತ್ತಿಡುತ್ತಾರೆ. ನನಗೂ ಒಂದು ಬಾಟಲಿ ಕೊಟ್ಟರು. ಹುಳಿ ಬರೀ ರುಚಿಗಲ್ಲ ಎಂದು ಗೊತ್ತಾದದ್ದು ಆಗಲೇ. ರೈ ಹಿಟ್ಟಿನಲ್ಲಿ ಗೋಧಿಯಂಥ ಜಿಗುಟು ಇಲ್ಲ, ಹಿಟ್ಟನ್ನು ಹಿಡಿದು ನಿಲ್ಲಿಸುವುದು ಅದರ ಪಿಷ್ಟ. ಹುಳಿ ಬರದಿದ್ದರೆ ಹಿಟ್ಟಿನೊಳಗಿನ ಕಿಣ್ವಗಳು ಆ ಪಿಷ್ಟವನ್ನೇ ಒಡೆದು ಬ್ರೆಡ್ಡಿನ ಒಡಲು ಅಂಟಂಟಾಗುತ್ತದೆ. ಅದಕ್ಕೇ ರಾತ್ರಿಯಿಡೀ ಕಾಯಬೇಕು. ದೋಸೆ ಹಿಟ್ಟು ರುಬ್ಬಿಟ್ಟು ಬೆಳಗಿನವರೆಗೆ ಕಾಯುವ ಮನೆಯಲ್ಲಿ ಬೆಳೆದವನಿಗೆ ಈ ಕಾಯುವಿಕೆ ಹೊಸದಲ್ಲ. ಚಳಿಗಾಲದಲ್ಲಿ ನಮ್ಮ ದೋಸೆ ಹಿಟ್ಟೂ ಅವರ ರೈ ಹಿಟ್ಟೂ ನಮ್ಮನೆಯ ಓವನ್ನಿನೊಳಗೆ, ಬರೀ ದೀಪದ ಬಿಸಿಯಲ್ಲಿ, ಅಕ್ಕಪಕ್ಕ ಕೂತು ಹುದುಗುತ್ತವೆ.

ಇಲ್ಲಿ ಹಿಟ್ಟು ಕೊಳ್ಳುವ ರೀತಿಯೂ ನನಗೆ ಹಿಡಿಸಿತು. ಗೋಧಿ ಹಿಟ್ಟಿನ ಪೊಟ್ಟಣದ ಮೇಲೆ 405, 550, 1050 ಎಂದು ಅಂಕಿ ಇರುತ್ತದೆ. ನೂರು ಗ್ರಾಂ ಹಿಟ್ಟು ಸುಟ್ಟರೆ ಉಳಿಯುವ ಬೂದಿ ಸುಮಾರು ಎಷ್ಟು ಮಿಲಿಗ್ರಾಂ ಎಂಬ ಲೆಕ್ಕ ಅದು. ಬೂದಿ ಅಂದರೆ ಖನಿಜ. ಖನಿಜ ಹೆಚ್ಚಿದ್ದರೆ ತೌಡು ಹೆಚ್ಚು ಉಳಿದಿದೆ ಎಂದರ್ಥ. 405 ಅಂದರೆ ಹೆಚ್ಚುಕಡಿಮೆ ನಮ್ಮ ಮೈದಾ. ಇಡೀ ಕಾಳಿನ ಹಿಟ್ಟಿಗೆ ಅಂಕಿಯೇ ಇಲ್ಲ, ಏಕೆಂದರೆ ಅದರಲ್ಲಿ ತೆಗೆದದ್ದು ಏನೂ ಇಲ್ಲ. ನಮ್ಮೂರಲ್ಲಿ ಈ ಅಂಕಿ ಬೇಕಿರಲಿಲ್ಲ. ರಾಗಿ ಹಸನು ಮಾಡಿ ಡಬ್ಬಿಗೆ ಸುರಿದು ಮಿಲ್ಲಿಗೆ ಹೊತ್ತುಕೊಂಡು ಹೋದರೆ, ಕಣ್ಣೆದುರೇ ಬಿಸಿ ಹಿಟ್ಟು ಬೀಳುತ್ತಿತ್ತು. ಹಾಕಿದ್ದು ಎಷ್ಟೋ ಬಂದದ್ದು ಅಷ್ಟೇ. ಈಗ ನಮ್ಮ ನೆಂಟರಲ್ಲಿ ಮಿಲ್ಲಿಗೆ ಹೋಗುವವರು ಬೆರಳೆಣಿಕೆಯಷ್ಟು ಜನ.

ಹಾಗೆಂದು ಜರ್ಮನಿಯವರೆಲ್ಲ ಹೀಗೇ ತಿನ್ನುತ್ತಾರೆ ಎಂದು ಹೇಳಿದರೆ ಸುಳ್ಳಾದೀತು. ಇಲ್ಲಿನ ಸೂಪರ್ ಮಾರ್ಕೆಟ್ಟಿನ ಫ್ರೀಜರುಗಳಲ್ಲಿ ಪಿಜ್ಜಾದ ಪೆಟ್ಟಿಗೆಗಳು ಸಾಲುಗಟ್ಟಿ ನಿಂತಿರುತ್ತವೆ, ಖಾಲಿಯಾಗುತ್ತಲೂ ಇರುತ್ತವೆ. ಆದರೆ ಶನಿವಾರದ ಸಂತೆ ಇನ್ನೂ ಉಳಿದಿದೆ. ಭಾನುವಾರ ಅಂಗಡಿ ಮುಚ್ಚಿರುವುದರಿಂದ ಶನಿವಾರವೇ ಎರಡು ದಿನದ ಯೋಚನೆ ಮಾಡಬೇಕು. ಬೆಂಗಳೂರಿನಲ್ಲಿ ಹತ್ತು ನಿಮಿಷದಲ್ಲಿ ಎಲ್ಲವೂ ಬಾಗಿಲಿಗೆ ಬರುತ್ತದೆ. ಇದು ಅನುಕೂಲವೇ. ಆದರೆ ಮನೆಯಲ್ಲಿ ಏನಿದೆ, ಅದರಲ್ಲಿ ಏನು ಮಾಡಬಹುದು ಎಂದು ಒಂದು ಗಳಿಗೆ ನಿಂತು ನೋಡುವ ಅಭ್ಯಾಸವನ್ನು ಅದು ಕಿತ್ತುಕೊಳ್ಳುತ್ತಿದೆ ಎಂಬ ಭಯ ನನಗಿದೆ.

ಈ ಸೀಮೆಯ ಹೆಸರು ಶ್ವಾಬೆನ್. ಇಲ್ಲಿನವರ ಪ್ರೀತಿಯ ಅಡುಗೆ ಬೇಳೆಕಾಳು! ಚನ್ನಂಗಿಯ ಜಾತಿಯ ಸಣ್ಣ ಹಸಿರುಗಪ್ಪು ಕಾಳನ್ನು ಈರುಳ್ಳಿ, ಕ್ಯಾರೆಟ್ಟಿನ ಜತೆ ಬೇಯಿಸಿ ಕೊನೆಗೆ ವಿನೆಗರ್ ಹುಳಿ ಹಾಕುತ್ತಾರೆ. ನೆಂಚಿಕೊಳ್ಳಲು 'ಶ್ಪೆಟ್ಸ್ಲೆ', ಅಂದರೆ ಮೊಟ್ಟೆ ಹಾಕಿ ಕಲಸಿದ ಹಿಟ್ಟನ್ನು ಕುದಿಯುವ ನೀರಿಗೆ ಒತ್ತಿ ಮಾಡುವ ದಪ್ಪ ಶ್ಯಾವಿಗೆ. ಒತ್ತುವ ಸಾಧನ ನೋಡಿದರೆ ನಮ್ಮ ಶ್ಯಾವಿಗೆ ಒರಳಿನ ತಮ್ಮನ ಹಾಗಿದೆ. ಅಮ್ಮ ಇಲ್ಲಿಗೆ ಬಂದಿದ್ದಾಗ ಪಕ್ಕದ ಮನೆಯ ಅಜ್ಜಿ ಅಮ್ಮನಿಗಾಗಿ ಸಾಸೇಜ್ ಹಾಕದೆ ಇದನ್ನು ಮಾಡಿ ತಂದರು. ಅಮ್ಮ ಒಂದು ಚಮಚ ಬಾಯಿಗಿಟ್ಟು ಸ್ವಲ್ಪ ಹೊತ್ತು ಯೋಚಿಸಿ, "ಉಳ್ದಿದ್ದೆಲ್ಲ ಸರೀಗೈತೆ, ಒಗ್ಗರಣೆ ಒಂದು ಬೇಕಿತ್ತು" ಅಂದರು. ಎದ್ದು ಹೋಗಿ ಸಾಸಿವೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟೂ ಬಿಟ್ಟರು. ಸಾಸಿವೆ ಚಟಪಟ ಸಿಡಿದಾಗ ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದವರು, ತಿಂದ ಮೇಲೆ ಸಾಸಿವೆ ಯಾವುದೆಂದು ಕೇಳಿ ಚೀಟಿಯಲ್ಲಿ ಬರೆದುಕೊಂಡರು.

ಆ ಕಾಳಿನ ಹಿಂದೆ ಒಂದು ಕಥೆಯಿದೆ. ಇಲ್ಲಿನ ಆಲ್ಬ್ ಗುಡ್ಡಗಾಡಿನಲ್ಲಿ ಬೆಳೆಯುತ್ತಿದ್ದ ಹಳೆಯ ತಳಿ ಇಪ್ಪತ್ತನೇ ಶತಮಾನದ ನಡುವಿನ ಹೊತ್ತಿಗೆ ಹೊಲಗಳಿಂದ ಮಾಯವಾಯಿತು. ಅಡುಗೆ ಮಾತ್ರ ಉಳಿಯಿತು, ಕಾಳು ಹೊರಗಿನಿಂದ ಬರತೊಡಗಿತು. ವೋಲ್ಡೆಮಾರ್ ಮಾಮೆಲ್ ಎಂಬ ರೈತ 1980ರ ದಶಕದಲ್ಲಿ ಬೇರೆ ತಳಿ ಹಾಕಿ ಈ ಬೆಳೆಯನ್ನು ಮತ್ತೆ ಶುರು ಮಾಡಿದರು. ಹಳೆಯ ಆಲ್ಬ್ ತಳಿಯ ಬೀಜ ಕೊನೆಗೆ 2006ರಲ್ಲಿ ಸಿಕ್ಕಿದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ವವಿಲೋವ್ ಬೀಜ ಭಂಡಾರದಲ್ಲಿ. ಹಿಡಿಯಷ್ಟು ಬೀಜದಿಂದ ಮತ್ತೆ ಬೆಳೆ ಬಂತು. ಈ ಗಿಡ ತಾನಾಗಿ ನಿಲ್ಲದು, ಹಬ್ಬಲು ಆಸರೆ ಬೇಕು. ಅದಕ್ಕೆ ಬಾರ್ಲಿ ಅಥವಾ ಓಟ್ಸ್ ಜತೆ ಸೇರಿಸಿ ಬಿತ್ತುತ್ತಾರೆ. ಆ ಹೊಲ ನೋಡಿದ ದಿನ ನನಗೆ ನೆನಪಾದದ್ದು ನಮ್ಮ ತಾತ ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಿದ್ದ ಅಕ್ಕಡಿ ಸಾಲು. ನಮ್ಮ ಸಾಮೆ, ಹಾರಕ, ಕೊರಲೆಯಾದರೋ ಎಷ್ಟೋ ಕಡೆ ಹೊಲದ ಜತೆಗೆ ಅಡುಗೆಮನೆಯಿಂದಲೂ ಹೋದವು. ಬೇಯಿಸುವವರು ಉಳಿದಿದ್ದರೆ ಬಿತ್ತುವವರು ಮತ್ತೆ ಬರುತ್ತಾರೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ.

ಕಳೆದ ಸಲ ಊರಿಗೆ ಹೋದಾಗ ಬೆಂಗಳೂರಿನಲ್ಲಿ ತಂಗಿಯ ಮನೆಯಲ್ಲಿ ನಾಲ್ಕು ದಿನ ಇದ್ದೆ. ಅವಳು ಕೆಲಸ ಮುಗಿಸಿ ಟ್ರಾಫಿಕ್ ದಾಟಿ ಮನೆ ಸೇರುವುದು ರಾತ್ರಿ ಎಂಟೂವರೆಗೆ. ಅಡುಗೆ ಮಾಡಿದರೆ ಪೂರ್ತಿ ಮಾಡಬೇಕು, ಇಲ್ಲದಿದ್ದರೆ ನೂಡಲ್ಸ್ ಪೊಟ್ಟಣ ಅಥವಾ ಆ್ಯಪಿನಲ್ಲಿ ಆರ್ಡರು. ನಡುವಿನ ದಾರಿ ಇಲ್ಲ. ನಾನು ಆಬೆಂಟ್‌ಬ್ರೋಟ್ ವಿಷಯ ತೆಗೆದೆ. "ಅಣ್ಣ, ನಾನು ತಟ್ಟೇಲಿ ಸೌತೆಕಾಯಿ ಹೆಚ್ಚಿಟ್ಟು ಇದೇ ಊಟ ಅಂದ್ರೆ ಈ ಮನೇಲಿ ಯಾರ್ ಒಪ್ತಾರೆ ಹೇಳು?" ಅಂದಳು. ದನಿಯಲ್ಲಿ ಕೋಪವಿರಲಿಲ್ಲ, ಸುಸ್ತಿತ್ತು.

ನಮ್ಮ ಮನೆಗಳಿಗೆ ಪೊಟ್ಟಣ ಬಂದದ್ದು ಹೆಂಗಸರು ಸೋಮಾರಿಗಳಾದದ್ದರಿಂದಲ್ಲ, ಅಡುಗೆ ಮರೆತದ್ದರಿಂದಲೂ ಅಲ್ಲ. ಇಬ್ಬರೂ ದುಡಿಯತೊಡಗಿದರು, ಊಟದ ಮೇಲಿನ ನಿರೀಕ್ಷೆ ಮಾತ್ರ ಒಂದು ಸೌಟೂ ಇಳಿಯಲಿಲ್ಲ. ಆ ಭಾರ ಒಬ್ಬಳ ತಲೆಯ ಮೇಲೇ ಉಳಿಯಿತು. ಇಲ್ಲಿ ಆಬೆಂಟ್‌ಬ್ರೋಟ್ ಉಳಿದಿರುವುದು ಅದು ಸರಳವಾಗಿರುವುದರಿಂದ. ಐದು ವರ್ಷದ ಮಗುವೂ ತನ್ನ ಬ್ರೆಡ್ಡಿಗೆ ತಾನೇ ಬೆಣ್ಣೆ ಸವರಿಕೊಳ್ಳುತ್ತದೆ, ಮೂಲಂಗಿ ತೊಳೆಯುತ್ತದೆ. ಒಬ್ಬರು ಬಡಿಸಿ ಉಳಿದವರು ಉಣ್ಣುವ ಊಟ ಅದಲ್ಲ.

ನಮ್ಮಲ್ಲಿ ಇಂಥದ್ದು ಇಲ್ಲವೇ ಎಂದು ಯೋಚಿಸುತ್ತಿದ್ದಾಗ ಉತ್ತರ ಸಿಕ್ಕಿದ್ದು ಇಲ್ಲೇ, ರಾಜ್ಯೋತ್ಸವಕ್ಕೆ ಕನ್ನಡಿಗರು ಸೇರಿದ್ದ ದಿನ. ಹುಬ್ಬಳ್ಳಿ ಕಡೆಯ ಗೆಳೆಯರೊಬ್ಬರು ಊರಿಂದ ತಂದ ಕಟಕ ರೊಟ್ಟಿಯ ಕಟ್ಟು ಬಿಚ್ಚಿದರು. ಜೋಳದ ರೊಟ್ಟಿ, ಒಣಗಿಸಿ ಹಪ್ಪಳದ ಹಾಗೆ ಗರಿಗರಿ ಮಾಡಿದ್ದು, ತಿಂಗಳಾದರೂ ಕೆಡುವುದಿಲ್ಲ. ಜತೆಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಗಟ್ಟಿ ಮೊಸರು, ಹಸಿ ಈರುಳ್ಳಿ, ಸೌತೆಕಾಯಿ, ಎಳೆ ಮೆಂತ್ಯ ಸೊಪ್ಪು. ನಾನು ಬಾಯಿಬಿಟ್ಟು ನೋಡುತ್ತಿದ್ದೆ. ಇದು ಆಬೆಂಟ್‌ಬ್ರೋಟೇ ಅಲ್ಲವೇ? ಅವರು ಸಹಜವಾಗಿ ಹೇಳಿದರು, "ನಮ್ಮ ಕಡೆ ಹೊಲಕ್ಕ ಹೋಗೋರ ಬುತ್ತಿ ಇದ ಅಲ್ಲೇನ್ರಿ." ಹಳೇ ಮೈಸೂರಿನವನಾದ ನಾನು ನಮ್ಮದೇ ನಾಡಿನ ಈ ಜಾಣತನ ಅರಿಯಲು ಇಷ್ಟು ದೂರ ಬರಬೇಕಾಯಿತು.

ಆಮೇಲೆ ಒಂದೊಂದೇ ನೆನಪಾದವು. ಮಲೆನಾಡಿನ ತಂಬುಳಿ: ಸೊಪ್ಪು, ಜೀರಿಗೆ, ಕಾಯಿ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಮುಗಿಯಿತು. ನಮ್ಮ ಕಿಟಕಿಯ ಕುಂಡದಲ್ಲಿ ದೊಡ್ಡಪತ್ರೆ ಇದೆ, ಇಲ್ಲಿನ ಮಜ್ಜಿಗೆಯೂ ಅದಕ್ಕೆ ಚೆನ್ನಾಗಿ ಹೊಂದುತ್ತದೆ. ಹೆಸರುಬೇಳೆ ನೆನೆಸಿದರೆ ಕೋಸಂಬರಿ. ಹುಣಸೆರಸಕ್ಕೆ ಹಸಿ ಈರುಳ್ಳಿ, ಮೆಣಸಿನಕಾಯಿ ಹಿಸುಕಿದರೆ ಹಸಿ ಗೊಜ್ಜು. ಅವಲಕ್ಕಿ ಮೊಸರು. ಬೆಳಿಗ್ಗೆ ಕಾಸಿಟ್ಟ ರಾಗಿ ಅಂಬಲಿ. ಇವೆಲ್ಲ ನಮ್ಮ ಅಜ್ಜಿಯಂದಿರ ಊಟ. ಅತಿಥಿ ಬಂದಾಗ ಬಡಿಸಲು ನಾಚುವಂಥದ್ದು ಎಂದು ನಾವೇ ಅವನ್ನು ಮೂಲೆಗೆ ತಳ್ಳಿದೆವು.

ಮಕ್ಕಳ ವಿಷಯದಲ್ಲಿ ನಾನು ಇಲ್ಲಿ ಕಲಿತದ್ದು ಹೆಚ್ಚು. ಮಗಳ ಶಿಶುವಿಹಾರದಲ್ಲಿ ಬೆಳಗಿನ ಹೊತ್ತು ಸಕ್ಕರೆ ಇಲ್ಲ ಎಂಬ ನಿಯಮವಿದೆ. ನಾವು ಮೊದಲ ವಾರ ಡಬ್ಬಿಗೆ ಬಿಸ್ಕತ್ತು ಹಾಕಿ ಕಳಿಸಿದ್ದೆವು. ಡಬ್ಬಿ ಹಾಗೇ ವಾಪಸು ಬಂತು, ಜತೆಗೆ ವಿನಯದ ಒಂದು ಚೀಟಿ. ಈಗ ಅವಳ ಡಬ್ಬಿಯಲ್ಲಿ ಬ್ರೆಡ್ಡು, ಸೇಬು, ಉದ್ದಕ್ಕೆ ಸೀಳಿದ ನವಿಲುಕೋಸು. ನಾನು ಸಾಂಬಾರಿನಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರದ ನವಿಲುಕೋಸನ್ನು ಅವಳು ಕಡಲೆಕಾಯಿ ತಿಂದಂತೆ ತಿನ್ನುತ್ತಾಳೆ. ಊರಲ್ಲಿ ನೆಂಟರ ಮನೆಗೆ ಹೋದಾಗಲೆಲ್ಲ ಅವಳ ಕೈಗೆ ಮೊದಲು ಬೀಳುವುದು ಕ್ರೀಮ್ ಬಿಸ್ಕತ್ತು. ಪ್ರೀತಿಯಿಂದಲೇ ಕೊಡುತ್ತಾರೆ. ಅದೇ ಪ್ರೀತಿಗೆ ಒಂದು ಬಾಳೆಹಣ್ಣು ಕೊಟ್ಟರೆ ಸಾಕು ಎಂದು ನಾನು ಈಗ ಸಂಕೋಚವಿಲ್ಲದೆ ಹೇಳುತ್ತೇನೆ. ಕೆಲವರಿಗೆ ಬೇಜಾರಾಗಿದೆ.

ಇಲ್ಲಿನವರು ನಮ್ಮಿಂದ ಕಲಿಯಬೇಕಾದದ್ದೂ ಇದೆ. ಮಾಂಸವಿಲ್ಲದ ದಿನ ಏನು ಮಾಡುವುದು ಎಂದು ನನ್ನ ಸಹೋದ್ಯೋಗಿಗಳು ತಡಕಾಡುವುದನ್ನು ನೋಡಿದ್ದೇನೆ. ಅವರಿಗೆ ಗೊತ್ತಿರುವ ಕಾಳು ಎರಡೋ ಮೂರೋ. ಹುರುಳಿ ಬೇಯಿಸಿದ ಕಟ್ಟಿನಿಂದ ಸಾರು, ಅದೇ ಕಾಳಿನಿಂದ ಪಲ್ಯ ಮಾಡುವ ಬಸ್ಸಾರಿನ ಲೆಕ್ಕ ವಿವರಿಸಿದಾಗ ಒಬ್ಬರು ಕಾಗದ ಪೆನ್ನು ತಂದರು.

ನಮ್ಮ ಮನೆಯಲ್ಲಿ ಈಗ ವಾರದಲ್ಲಿ ಮೂರು ರಾತ್ರಿ ಒಲೆ ಹಚ್ಚುವುದಿಲ್ಲ. ಉಳಿದ ರಾತ್ರಿ ಮುದ್ದೆಯೋ ಅನ್ನವೋ, ನಾನೂ ಹೆಂಡತಿಯೂ ಸರದಿಯಲ್ಲಿ ಮಾಡುತ್ತೇವೆ. ತಂಗಿಗೆ ಒಂದು ಕಟ್ಟು ಕಟಕ ರೊಟ್ಟಿ ಬಾಗಲಕೋಟೆಯಿಂದ ತರಿಸಿಕೊಟ್ಟೆ. ಸದ್ಯಕ್ಕೆ ವಾರಕ್ಕೊಂದು ದಿನ ನಡೆಯುತ್ತಿದೆಯಂತೆ.

ಮೊನ್ನೆ ಅಮ್ಮ ಫೋನ್ ಮಾಡಿದಾಗ ನಾನೇ ಮೊದಲು ಕೇಳಿದೆ, ಊಟಕ್ಕೆ ಏನಮ್ಮ ಅಂತ. "ಇವತ್ತು ಒಲೆ ಹಚ್ಲಿಲ್ಲ ಕಣೋ. ಮಂಡಿ ನೋವು. ಅವಲಕ್ಕಿ ನೆನೆಸಿ ಮೊಸರು ಕಲಸ್ದೆ." ಒಂದು ಕ್ಷಣ ಬಿಟ್ಟು, ದನಿ ತಗ್ಗಿಸಿ ಸೇರಿಸಿದರು: "ಸೌತೆಕಾಯಿ ನಿಮ್ಮಪ್ಪನೇ ಹೆಚ್ಚುದ್ರು."