ಇರ್ಲಿ, ಬೇಕಾಗುತ್ತೆ

ಈ ವರ್ಷ ಗೌರಿ ಹಬ್ಬಕ್ಕೆ ಮನೆ ಕ್ಲೀನ್ ಮಾಡೋಣ ಅಂತ ಸ್ಟೂಲ್ ಹತ್ತಿ ಸಜ್ಜದ ಮೇಲಿನ ರಟ್ಟಿನ ಡಬ್ಬ ಎಳೆದೆ. ಡಬ್ಬದ ಮೇಲ್ಭಾಗ ಕೈಗೆ ಬಂತು, ತಳ ಸಜ್ಜದಲ್ಲೇ ಉಳಿಯಿತು. ಒಳಗಿದ್ದದ್ದೆಲ್ಲ ನನ್ನ ತಲೆ ಮೇಲೆ. ಐಸ್‌ಕ್ರೀಂ ಕಡ್ಡಿ, ಹಳೇ ಬಳೆ, ಚಮಕಿ, ಉಲ್ಲನ್ ಉಂಡೆ, ಒಂದು ಕಾಲಿಲ್ಲದ ಚನ್ನಪಟ್ಟಣದ ಆನೆ, ಜೊತೆಗೆ ನಾಲ್ಕೈದು ಜಿರಳೆ. ರಟ್ಟಿನ ಪದರಗಳನ್ನು ಅಂಟಿಸುವುದು ಸ್ಟಾರ್ಚ್‌ನಿಂದ, ಅಂದರೆ ಒಂಥರಾ ಗಂಜಿಯಿಂದ. ಜಿರಳೆಗೆ ಅದೇ ಊಟ. ಹತ್ತು ವರ್ಷದಿಂದ ನಾನು ಸಜ್ಜದ ಮೇಲೆ ಅನ್ನದಾನ ಮಾಡಿಕೊಂಡು ಬಂದಿದ್ದೆ.

ಕೆಳಗೆ ನಿಂತಿದ್ದ ಅತ್ತೆ, "ನಿಧಾನ ಕಣಮ್ಮ, ಆ ಆನೆ ಹುಷಾರು" ಅಂದರು.

ಎಲ್ಲವನ್ನೂ ಹಾಲ್‌ನಲ್ಲಿ ಹಳೇ ಬೆಡ್‌ಶೀಟ್ ಹಾಸಿ ಸುರಿದೆ. ಲೆಕ್ಕ ಹಾಕಿದಾಗ ನನಗೇ ನಾಚಿಕೆಯಾಯಿತು. ಏಳು ಕತ್ತರಿ. ನಾಲ್ಕು ಫೆವಿಕಾಲ್ ಡಬ್ಬಿ, ಅದರಲ್ಲಿ ಮೂರು ಕಲ್ಲಾಗಿವೆ. ಜಾಮ್, ಉಪ್ಪಿನಕಾಯಿ, ಜೇನುತುಪ್ಪದ್ದೆಲ್ಲ ಸೇರಿ 34 ಗಾಜಿನ ಬಾಟಲಿ. ಮೆರೂನ್ ಮೇಲೆ ಚಿನ್ನದ ಜರಿ ಇರುವ ಲೇಸು, ಒಂದೇ ಡಿಸೈನು, ಮೂರು ಸುರುಳಿ. ಮೂರು ಬೇರೆ ಬೇರೆ ವರ್ಷ ರಾಜಾ ಮಾರ್ಕೆಟ್ಟಿಗೆ ಹೋಗಿ ಚೌಕಾಸಿ ಮಾಡಿ ತಂದದ್ದು. ಪ್ರತಿ ಸಲವೂ "ಇಂಥದ್ದು ನನ್ನ ಹತ್ತಿರ ಇಲ್ಲವೇ ಇಲ್ಲ" ಅಂದುಕೊಂಡೇ ತಂದಿದ್ದೆ. ದುಡ್ಡು ಉಳಿಸೋಕೆ ಅಂತ ಎತ್ತಿಟ್ಟ ರಾಶಿಯೇ ನನ್ನಿಂದ ಮತ್ತೆ ಮತ್ತೆ ಖರ್ಚು ಮಾಡಿಸಿತ್ತು.

ನಮ್ಮನೆಯಲ್ಲಿ ಇದಕ್ಕೆಲ್ಲ ಒಂದೇ ಮಂತ್ರ. "ಇರ್ಲಿ, ಬೇಕಾಗುತ್ತೆ." ಸ್ವೀಟ್ ಬಾಕ್ಸು ಖಾಲಿಯಾಯ್ತಾ? ಇರ್ಲಿ, ಬೇಕಾಗುತ್ತೆ. ಸೀರೆ ಜೊತೆ ಬಂದ ರಟ್ಟು? ಇರ್ಲಿ. ಕೊರಿಯರ್ ಡಬ್ಬದೊಳಗಿನ ಗುಳ್ಳೆ ಪ್ಲಾಸ್ಟಿಕ್ಕು? ಅದಂತೂ ಇರಲೇಬೇಕು, ಮಗಳು ಪಟಪಟ ಒಡೆಯುತ್ತಾಳೆ. ಯಾವಾಗ ಬೇಕಾಗುತ್ತೆ, ಯಾರಿಗೆ, ಯಾತಕ್ಕೆ ಅಂತ ಯಾರೂ ಕೇಳುವುದಿಲ್ಲ. ಎಸೆಯೋಕೆ ಮನಸ್ಸು ಬರಲ್ಲ, ಬಳಸೋಕೆ ಟೈಮ್ ಇರಲ್ಲ. ಮಧ್ಯದಲ್ಲಿ ಸಜ್ಜ ಇದೆಯಲ್ಲ!

ತಮಾಷೆ ಏನು ಗೊತ್ತಾ? ನಿಜವಾಗಿ ಬೇಕಾದ ದಿನ ಅದರಲ್ಲಿ ಒಂದೂ ಸಿಗಲಿಲ್ಲ. ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ಎಂಟೂವರೆಗೆ ವಾಟ್ಸಾಪ್‌ನಲ್ಲಿ ಮೆಸೇಜು. ನಾಳೆ ಬೆಳಿಗ್ಗೆ "ಬೆಸ್ಟ್ ಔಟ್ ಆಫ್ ವೇಸ್ಟ್" ತರಬೇಕು. ಆ ಹೊತ್ತಲ್ಲಿ ಸಜ್ಜ ಹತ್ತೋರು ಯಾರು? ಅರ್ಧ ಬಾಟಲಿ ಶಾಂಪೂವನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿ ಬಾಟಲಿ ಖಾಲಿ ಮಾಡಿದೆ. ನಮ್ಮನೆಯವರು ಸ್ಟೇಷನರಿ ಅಂಗಡಿ ಶಟರ್ ಎಳೆಯೋದರೊಳಗೆ ಓಡಿಹೋಗಿ ಹೊಸ ಐಸ್‌ಕ್ರೀಂ ಕಡ್ಡಿ, ಗ್ಲಿಟರ್ ಪುಡಿ, ಥರ್ಮಕೋಲ್ ಶೀಟು, ಗ್ಲೂ ಗನ್ನಿಗೆ ಹಾಕೋ ಕಡ್ಡಿ ತಂದರು. 260 ರೂಪಾಯಿ. ರಾತ್ರಿ ಹನ್ನೆರಡರವರೆಗೆ ನಾನು ರಾಕೆಟ್ ಮಾಡಿದೆ, ಮಗಳು ನಿದ್ದೆ ಮಾಡಿದಳು. ಕಸದಿಂದ ರಸ ಅಂತಾರಲ್ಲ, ನಾವು ರಸ ಕೊಟ್ಟು ಕಸ ಮಾಡಿಕೊಂಡೆವು. ಎರಡನೇ ಬಹುಮಾನ ಬಂತು, ಅದು ಬೇರೆ ವಿಷಯ.

ರಾಕೆಟ್ ಟಿವಿ ಸ್ಟ್ಯಾಂಡಿನ ಮೇಲೆ ಎರಡು ವರ್ಷ ಕೂತಿತ್ತು. ಧೂಳು ಹಿಡಿದ ಮೇಲೆ ಪೇಪರು, ಹಾಲಿನ ಕವರಿನ ಜೊತೆ ಹಳೇ ಪೇಪರ್ ಅಂಗಡಿಗೆ ತೊಗೊಂಡು ಹೋದೆ. ಅಂಗಡಿಯವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು.

"ಅಕ್ಕ, ಇದು ಹೋಗಲ್ಲ."

"ಯಾಕೆ? ಪ್ಲಾಸ್ಟಿಕ್ ಬಾಟಲಿ ತಾನೆ?"

"ಬಾಟಲಿ ಆಗಿತ್ತು. ಈಗ ಬಾಟಲಿನೂ ಅಲ್ಲ, ರಟ್ಟೂ ಅಲ್ಲ, ಥರ್ಮಕೋಲೂ ಅಲ್ಲ. ಬಿಡಿಸಿ ತನ್ನಿ, ತೊಗೋತೀನಿ."

ಮನೆಗೆ ತಂದು ಚಾಕು ಹಿಡಿದು ಕೂತೆ. ಗ್ಲೂ ಗನ್ನಿನ ಅಂಟು ಎಷ್ಟು ಗಟ್ಟಿ ಅಂತ ಅವತ್ತು ಗೊತ್ತಾಯಿತು. ಅರ್ಧ ಗಂಟೆ ಕೆರೆದರೂ ಬಾಟಲಿಯ ಮೈಯಿಂದ ರಟ್ಟು ಪೂರ್ತಿ ಬರಲಿಲ್ಲ. ಗ್ಲಿಟರ್ ಮಾತ್ರ ಚೆನ್ನಾಗಿ ಬಂತು. ನನ್ನ ಕೈಗೆ, ನೆಲಕ್ಕೆ, ಅವತ್ತಿನ ಚಪಾತಿ ಹಿಟ್ಟಿಗೆ.

ಅವತ್ತಿನಿಂದ ಈ "ಕಸದಿಂದ ಕಲೆ" ವಿಡಿಯೋಗಳನ್ನು ನೋಡುವ ನನ್ನ ಕಣ್ಣೇ ಬದಲಾಯಿತು. ಖಾಲಿ ಗಾಜಿನ ಬಾಟಲಿಯನ್ನು ಸುಮ್ನೆ ಹಾಗೇ ಕೊಟ್ಟರೆ ಕರಗಿಸಿ ಮತ್ತೆ ಬಾಟಲಿ ಮಾಡುತ್ತಾರೆ. ಎಷ್ಟು ಸಲ ಬೇಕಾದರೂ ಮಾಡಬಹುದು, ಗಾಜು ಸವೆಯುವುದಿಲ್ಲ. ಅದಕ್ಕೆ ಎಂ-ಸೀಲ್ ಮೆತ್ತಿ, ಅಕ್ರಿಲಿಕ್ ಬಣ್ಣ ಬಳಿದು, ಸೆಣಬಿನ ಹಗ್ಗ ಸುತ್ತಿ, ಮೇಲೆ ಮಣಿ ಅಂಟಿಸಿದರೆ ಗುಜರಿಯವರೂ ಮುಟ್ಟುವುದಿಲ್ಲ. ಕಾಗದದ ಕಥೆಯೂ ಅಷ್ಟೇ. ಮಿಲ್‌ನಲ್ಲಿ ಹಳೇ ಕಾಗದವನ್ನು ನೀರಲ್ಲಿ ನೆನೆಸಿ, ಕಲಸಿ ಗಂಜಿ ಥರ ಮಾಡುತ್ತಾರೆ. ಗ್ಲೂ ಗನ್ನಿನ ಅಂಟು ನೀರಲ್ಲಿ ಕರಗಲ್ಲ, ಮುದ್ದೆ ಮುದ್ದೆಯಾಗಿ ಉಳಿಯುತ್ತೆ. ಗ್ಲಿಟರ್ ಅಂದರೆ ಅಲ್ಯೂಮಿನಿಯಂ ಲೇಪಿಸಿದ ತೆಳು ಪ್ಲಾಸ್ಟಿಕ್ ಹಾಳೆಯ ಚೂರು. ಯುರೋಪ್ ಒಕ್ಕೂಟದವರು 2023ರ ಅಕ್ಟೋಬರ್‌ನಿಂದ ಬಿಡಿ ಪ್ಲಾಸ್ಟಿಕ್ ಗ್ಲಿಟರ್ ಮಾರುವುದನ್ನೇ ನಿಲ್ಲಿಸಿದರು. ನಾವು ಇನ್ನೂ ಮಕ್ಕಳ ಕೈಗೆ ಕೊಟ್ಟು "ಪರಿಸರ ಉಳಿಸಿ" ಅಂತ ಅದರಲ್ಲೇ ಬರೆಸುತ್ತೇವೆ.

ಬಾಟಲ್ ಆರ್ಟ್ ಮಾಡುವವರು ನನ್ನನ್ನು ಬೈಕೋಬೇಡಿ. ಎದುರು ಮನೆ ಆಂಟಿ ಬಾಟಲಿ ಮೇಲೆ ಬಿಳಿ ಬಣ್ಣದಲ್ಲಿ ಹಸೆ ಚಿತ್ತಾರದ ಥರ ಬರೆದು ಮನಿ ಪ್ಲಾಂಟ್ ಹಾಕಿದ್ದಾರೆ. ಏಳು ವರ್ಷದಿಂದ ಅದೇ ಬಾಟಲಿ, ಅದೇ ಕಿಟಕಿ. ಅದು ಬಳಕೆ. ಒಂದು ಭಾನುವಾರಕ್ಕೆ ಹನ್ನೆರಡು ಬಾಟಲಿ ಬಣ್ಣ ಬಳಿದು, ಫೋಟೋ ತೆಗೆದು, ಹನ್ನೊಂದನ್ನು ನೆಂಟರಿಗೆ ದಾಟಿಸುವುದಕ್ಕೆ ಏನು ಹೇಳಬೇಕೋ ಗೊತ್ತಿಲ್ಲ. ನಾನೂ ದಾಟಿಸಿದ್ದೇನೆ, ಅದಕ್ಕೇ ಹೇಳ್ತಿದ್ದೀನಿ.

ಬೆಂಗಳೂರಿನವರಿಗೆ ಇದು ಸಣ್ಣ ವಿಷಯ ಅಲ್ಲ. 2012ರಲ್ಲಿ, ನಮ್ಮ ಕಸವನ್ನೆಲ್ಲ ಸುರಿಯುತ್ತಿದ್ದ ಮಾವಳ್ಳಿಪುರದ ಜನ ನಿಮ್ಮ ಕಸ ಸಾಕು ಅಂದಾಗ ನಮ್ಮ ಬೀದಿ ಮೂಲೆಗಳು ಹೇಗೆ ನಾರಿದವು ನೆನಪಿದೆಯಾ? ಆಮೇಲೆ ಮಂಡೂರಿನ ಸರದಿ. 2014ರ ಕೊನೆಗೆ ಅವರೂ ಬಾಗಿಲು ಹಾಕಿದರು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲ ಅಂತ ಆದೇಶ ಕೊಟ್ಟಿತು. ಹಸಿರು ಬುಟ್ಟಿಗೆ ಹಸಿ ಕಸ, ಚೀಲಕ್ಕೆ ಒಣ ಕಸ, ಯಾತಕ್ಕೂ ಬಾರದ್ದು ಕೆಂಪು ಬುಟ್ಟಿಗೆ. ಬಾಟಲಿಯಾಗಿಯೇ ಉಳಿದಿದ್ದರೆ ಚೀಲಕ್ಕೆ ಹೋಗಬೇಕಿದ್ದ ನಮ್ಮ ರಾಕೆಟ್ಟು ಬಹುಮಾನ ಸಮೇತ ಕೆಂಪು ಬುಟ್ಟಿಗೆ ಬಿತ್ತು.

ಥರ್ಮಕೋಲ್ ಬಗ್ಗೆ ಒಂದೇ ಮಾತು. ಕರ್ನಾಟಕದಲ್ಲಿ ಅದರ ತಟ್ಟೆ, ಲೋಟ 2016ರಲ್ಲೇ ನಿಷೇಧದ ಪಟ್ಟಿಗೆ ಬಂದವು. ಅಲಂಕಾರದ ಥರ್ಮಕೋಲ್ 2022ರ ಜುಲೈ 1ರಿಂದ ಇಡೀ ದೇಶದಲ್ಲೇ ನಿಷೇಧ. ಅದರಲ್ಲಿ ಹೆಚ್ಚುಪಾಲು ಗಾಳಿಯೇ ಇರೋದು. ಲಾರಿ ತುಂಬಾ ತುಂಬಿದರೂ ತೂಕ ಬರಲ್ಲ, ಹಾಗಾಗಿ ಹೊತ್ತುಕೊಂಡು ಹೋಗೋರಿಲ್ಲ. ಗಣೇಶನ ಮಂಟಪಕ್ಕೆ ಇನ್ನೂ ಅದನ್ನೇ ಹುಡುಕುವವರನ್ನು ನೋಡಿದರೆ ನನಗೆ ರೇಗುತ್ತೆ.

ಸರಿ, ಆ ಬೆಡ್‌ಶೀಟಿನ ರಾಶಿಗೆ ಬರ್ತೀನಿ. ಮೊದಲು ಒಂದು ವಿಡಿಯೋ ನೋಡಿ ಎಲ್ಲವನ್ನೂ ಬಣ್ಣದ ಪ್ರಕಾರ ಜೋಡಿಸಿದೆ. ಕೆಂಪು ಮಣಿ, ಕೆಂಪು ದಾರ, ಕೆಂಪು ಕಾಗದ ಒಂದು ಕಡೆ. ಕಣ್ಣಿಗೆ ಹಬ್ಬ. ಒಂದು ವಾರ ಇತ್ತು. ಒಂದು ತೋರಣಕ್ಕೆ ಆರು ಡಬ್ಬ ತೆಗೆಯಬೇಕಾದಾಗ ಕೈಬಿಟ್ಟೆ. ಆಮೇಲೆ ಕೆಲಸದ ಪ್ರಕಾರ ಇಟ್ಟೆ. ಪೋಣಿಸೋದು ಒಂದು ಕಡೆ, ಅಂಟಿಸೋದು ಒಂದು ಕಡೆ, ಹೊಲಿಯೋದು ಒಂದು ಕಡೆ. ಅಡುಗೆಮನೆಯಲ್ಲಿ ಹಾಗೇ ತಾನೆ ಇಡೋದು? ಹಳದಿ ಅಂತ ಅರಿಶಿನವನ್ನೂ ತೊಗರಿಬೇಳೆಯನ್ನೂ ಯಾರು ಜೊತೆಗಿಡುತ್ತಾರೆ?

ಅಡುಗೆಮನೆ ಅಂದಾಗ ನೆನಪಾಯಿತು. ಮಣಿಗಳಿಗೆ ಅಮ್ಮನ ಹಳೇ ಒಗ್ಗರಣೆ ಡಬ್ಬಕ್ಕಿಂತ ಒಳ್ಳೇದು ಯಾವುದೂ ಇಲ್ಲ. ಏಳು ಬಟ್ಟಲು, ಮುಚ್ಚಳ ತೆಗೆದರೆ ಏಳೂ ಒಟ್ಟಿಗೆ ಕಾಣುತ್ತವೆ. ಎಷ್ಟು ತೊಳೆದರೂ ಸಾಸಿವೆ ಬಟ್ಟಲಿನಲ್ಲಿದ್ದ ಮಣಿ ಇನ್ನೂ ಸ್ವಲ್ಪ ಸಾಸಿವೆ ವಾಸನೆ ಬರುತ್ತೆ. ಲೇಸನ್ನು ಅವಧಿ ಮುಗಿದ ಎಟಿಎಂ ಕಾರ್ಡಿಗೆ ಸುತ್ತುತ್ತೇನೆ. ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಹಾಕಿದರೆ ತುದಿ ಅದರಲ್ಲಿ ಸಿಕ್ಕಿಕೊಂಡು ನಿಲ್ಲುತ್ತೆ. ಏಳು ಕತ್ತರಿಯಲ್ಲಿ ಎರಡು ಉಳಿಸಿದೆ. ಬಟ್ಟೆಯ ಕತ್ತರಿಗೆ ಕೆಂಪು ದಾರ ಕಟ್ಟಿದ್ದೇನೆ, ಅದನ್ನು ಕಾಗದಕ್ಕೆ ಮುಟ್ಟಿಸಿದರೆ ಮನೆಯಲ್ಲಿ ಜಗಳ. ನುಣುಪಾದ ಕಾಗದಕ್ಕೆ ಜೇಡಿ, ಸುಣ್ಣಕಲ್ಲಿನ ಪುಡಿ ಸೇರಿಸಿರುತ್ತಾರೆ. ಅದು ಕತ್ತರಿಯ ಹರಿತ ತಿಂದುಹಾಕುತ್ತೆ. ಉಲ್ಲನ್ ಮಧ್ಯೆ ಎರಡು ತುಂಡು ಬಜೆ ಬೇರು ಹಾಕಿದ್ದೇನೆ, ಅತ್ತೆಯ ಸಲಹೆ.

ಇಷ್ಟೂ ಸೇರಿ ಒಂದೇ ತಗಡಿನ ಟ್ರಂಕು. ಅದರ ಮುಚ್ಚಳ ಮುಚ್ಚಬೇಕು, ಅಷ್ಟೇ ಕಾನೂನು. ಹಾಲಿನ ಕವರು ಆ ಟ್ರಂಕಿಗೆ ಬರುವುದೇ ಇಲ್ಲ. ನಂದಿನಿ ಕವರಿನ ಮೂಲೆ ಕತ್ತರಿಸುವಾಗ ಆ ಚೂರು ಬೇರೆಯಾಗದ ಹಾಗೆ ಬಿಟ್ಟು, ತೊಳೆದು, ಸಿಂಕ್ ಪಕ್ಕದ ಟೈಲ್ಸ್‌ಗೆ ಅಂಟಿಸಿ ಒಣಗಿಸಿದರೆ ಪೇಪರ್ ಅಂಗಡಿಯವರು ಖುಷಿಯಿಂದ ತೊಗೋತಾರೆ. ಅದರಲ್ಲಿ ಹೂವು ಮಾಡುವ ವಿಡಿಯೋ ದಯವಿಟ್ಟು ನನಗೆ ಕಳಿಸಬೇಡಿ.

ಟ್ರಂಕಿನಲ್ಲಿ ನಾನು ಧಾರಾಳವಾಗಿ ಜಾಗ ಕೊಟ್ಟಿರುವುದು ಮದುವೆ ಕಾರ್ಡುಗಳಿಗೆ. ಪ್ರತಿ ಮನೆಯಲ್ಲೂ ಇವು ಒಂದು ಕಟ್ಟು ಇರುತ್ತವೆ. ಕಾರಣ ನಿಮಗೂ ಗೊತ್ತು. ಮೇಲೆ ಗಣಪತಿ, ಒಳಗೆ ತಿರುಪತಿ ತಿಮ್ಮಪ್ಪ. ಎಸೆಯೋಕೆ ಕೈ ಬರಲ್ಲ. ಮದುವೆಯಾದವರಿಗೆ ಮಕ್ಕಳಾಗಿ ಆ ಮಕ್ಕಳ ನಾಮಕರಣದ ಕಾರ್ಡೂ ಅದೇ ಕಟ್ಟಿಗೆ ಸೇರುತ್ತೆ. ನಾನು ದೇವರ ಚಿತ್ರ ಕತ್ತರಿಸಿ ಬೇರೆ ತೆಗೆದಿಟ್ಟೆ. ಅವುಗಳನ್ನು ಏನು ಮಾಡೋದು ಅಂತ ಇನ್ನೂ ತೀರ್ಮಾನ ಆಗಿಲ್ಲ. ಉಳಿದ ದಪ್ಪ ಕಾಗದದಲ್ಲಿ ಈ ದಸರಾಕ್ಕೆ ತೋರಣ ಮಾಡಿದೆ.

ಹೇಗೆ ಅಂದರೆ, ಮಾವಿನ ಎಲೆ ಆಕಾರಕ್ಕೆ ನಾಲ್ಕು ಇಂಚು ಉದ್ದ ಕತ್ತರಿಸಿಕೊಳ್ಳಿ. ಮಧ್ಯದಲ್ಲಿ ಚಾಕುವಿನ ಬೆನ್ನಿಂದ ಒಂದು ಗೀಟು ಎಳೆದು ಮೆಲ್ಲಗೆ ಮಡಿಸಿ. ಎಲೆಗೆ ನರ ಬಂದು ಎದ್ದು ನಿಲ್ಲುತ್ತೆ. ತೊಟ್ಟಿನ ಹತ್ತಿರ ದಬ್ಬಳದಲ್ಲಿ ತೂತು. ಎಲೆ ಎಲೆ ಮಧ್ಯೆ ಕಾಗದದ ಮಣಿ. ಹಳೇ ವಾರಪತ್ರಿಕೆ ಹಾಳೆಯನ್ನು ಒಂದು ಕಡೆ ಇಂಚು ಅಗಲ, ಇನ್ನೊಂದು ಕಡೆ ಚೂಪು ಬರುವ ಹಾಗೆ ಉದ್ದಕ್ಕೆ ಕತ್ತರಿಸಿ, ಉರಿದು ಉಳಿದ ಊದುಬತ್ತಿ ಕಡ್ಡಿಗೆ ಅಗಲದ ತುದಿಯಿಂದ ಬಿಗಿಯಾಗಿ ಸುತ್ತಬೇಕು. ಚೂಪು ತುದಿ ಮಧ್ಯಕ್ಕೆ ಬರಲಿ. ಬಂದರೆ ಮಣಿ ಹೊಟ್ಟೆ ಬಿಟ್ಟುಕೊಂಡು ಚೆನ್ನಾಗಿರುತ್ತೆ, ತಪ್ಪಿದರೆ ಸೊಟ್ಟ. ನನ್ನ ಮೊದಲ ಇಪ್ಪತ್ತು ಸೊಟ್ಟವೇ. ಅಂಟಿಗೆ ಎರಡು ಚಮಚ ಮೈದಾ, ಒಂದು ಲೋಟ ನೀರು, ಗಂಟಾಗದ ಹಾಗೆ ತಿರುವುತ್ತಾ ಕುದಿಸಿದರೆ ಸಾಕು. ಬೈಂಡಿಂಗ್ ಅಂಗಡಿಯವರು ಹುಳ ಬಾರದಿರಲಿ ಅಂತ ಇದಕ್ಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮನೆಯಲ್ಲಿ ಬೇಡ. ಉಳಿದ ಅಂಟನ್ನು ಫ್ರಿಜ್‌ನಲ್ಲಿ ಇಡುವುದಾದರೆ ಮನೆಯವರಿಗೆ ಹೇಳಿ ಇಡಿ. ನಾನು ಹೇಳಿರಲಿಲ್ಲ. ನಮ್ಮನೆಯವರು ಗಂಜಿ ಅಂದುಕೊಂಡು ಉಪ್ಪು, ಮಜ್ಜಿಗೆ ಹಾಕಿಕೊಂಡಿದ್ದರು.

ಇದರಲ್ಲಿ ಇರೋದು ಕಾಗದ, ಹತ್ತಿ ದಾರ, ಮೈದಾ. ಬೇಜಾರಾದ ದಿನ ದಾರ ಎಳೆದರೆ ಎಲ್ಲ ಬಿಡಿಬಿಡಿ. ಈಗ ಅಲಂಕಾರದ ಯಾವ ಐಡಿಯಾ ನೋಡಿದರೂ ನಾನು ಕೇಳಿಕೊಳ್ಳುವುದು ಇದನ್ನೇ. ಬಿಚ್ಚೋಕೆ ಆಗುತ್ತಾ? ಕಟ್ಟೋದು, ಹೊಲಿಯೋದು, ಪೋಣಿಸೋದು ಆದರೆ ಸರಿ. ಬಿಚ್ಚಲಾಗದ ಹಾಗೆ ಅಂಟಿಸೋದಾದರೆ ಅದನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀನಿ ಅಂತ ಮೊದಲು ಯೋಚನೆ ಮಾಡುತ್ತೇನೆ.

ಅತ್ತೆಗೆ ನನ್ನ ಈ ಭಾಷಣವೆಲ್ಲ ಹೊಸದಾಗಿ ಕಾಣಲಿಲ್ಲ. "ನಾವು ತಿಪಟೂರಲ್ಲಿ ಕಾಗದದ ಬುಟ್ಟಿ ಮಾಡ್ತಿದ್ವಲ್ಲ" ಅಂದರು. ಕಾಗದ ಮೂರ್ನಾಲ್ಕು ದಿನ ನೆನೆಹಾಕಿ, ನೆನೆಸಿದ ಮೆಂತ್ಯ ಸೇರಿಸಿ ಒರಳಲ್ಲಿ ರುಬ್ಬಿ, ಬೋರಲು ಹಾಕಿದ ಪಾತ್ರೆಯ ಮೇಲೆ ತಟ್ಟಿ ಒಣಗಿಸುವುದು. ಮೆಂತ್ಯದ ಲೋಳೆ ಅಂಟೂ ಹೌದು, ಅದರ ಕಹಿಗೆ ಹುಳ ಬರಲ್ಲ ಅಂತ ಅತ್ತೆಯ ಮಾತು. ನಾನು ಗೌರಿ ಹಬ್ಬದ ಮಳೆಯಲ್ಲೇ ಮಾಡಲು ಹೋಗಿ ಬೂಷ್ಟು ಹಿಡಿಸಿದೆ. ಅತ್ತೆ ಒಂದು ಮಾತೂ ಆಡದೆ, ದಸರಾ ಬಿಸಿಲು ಬಂದ ಮೇಲೆ ಮಗಳ ಹಳೇ ನೋಟ್‌ಬುಕ್ ತೊಗೊಂಡು ತಾವೇ ಕೂತರು. ಟೆರೇಸಿನ ಮೇಲೆ ಐದು ದಿನ ಒಣಗಿತು. ಇಂಕಿನಿಂದ ಬೂದು ಬಣ್ಣ ಬಂದಿದೆ. ಒಂದು ಕಡೆ ಸರಿಯಾಗಿ ರುಬ್ಬದ ಚೂರಿನಲ್ಲಿ "ಗುಣಾಕಾ" ಅಂತ ಅರ್ಧ ಓದಬಹುದು. ಈಗ ಅದರಲ್ಲಿ ಈರುಳ್ಳಿ ಇದೆ. ಅಡುಗೆಮನೆಗೆ ಹೋದರೆ ಮೆಂತ್ಯದ ಘಮ.

ಕಾಲಿಲ್ಲದ ಆನೆಯನ್ನು ಅಂಟಿಸಲಿಲ್ಲ. ದಸರಾ ಗೊಂಬೆಗಳ ಜೊತೆ ಮಾಡಿದ ಪುಟ್ಟ ಪಾರ್ಕಿನಲ್ಲಿ, ಮೊಳಕೆ ಬರಿಸಿದ ರಾಗಿ ಪೈರಿನ ಮಧ್ಯೆ ನಿಲ್ಲಿಸಿದೆವು. ಪೈರು ಎತ್ತರ ಬಂದಿತ್ತು, ನೋಡೋಕೆ ಬಂದವರು ಯಾರಿಗೂ ಗೊತ್ತಾಗಲಿಲ್ಲ.

ಉಳಿದದ್ದು ಆ 34 ಬಾಟಲಿ. ಆರು ನನಗೆ ಬೇಕು. ಒಂಬತ್ತು ಅಕ್ಕಪಕ್ಕದವರು ತೊಗೊಂಡರು. ಇನ್ನೂ 19 ಇವೆ, ಎಲ್ಲಕ್ಕೂ ಮುಚ್ಚಳ ಇದೆ, ತೊಳೆದು ಬಿಸಿಲಿಗೆ ಇಟ್ಟಿದ್ದೇನೆ. ವಿಜಯನಗರದ ಸುತ್ತಮುತ್ತ ಉಪ್ಪಿನಕಾಯಿ, ಚಟ್ನಿಪುಡಿ ಹಾಕಿಡುವವರು ಯಾರಾದರೂ ಇದ್ದರೆ ಮೆಸೇಜ್ ಮಾಡಿ, ಬಂದು ತೊಗೊಂಡು ಹೋಗಿ. ಬಣ್ಣ ಬಳಿಯೋಕೆ ಅಂದರೆ ಕೊಡಲ್ಲ.